ಮುದಿ ನಾಯಿ ರಾತ್ರಿ ಮಲಗುವುದಿಲ್ಲವೆಂದು ನಿದ್ದೆ ಮಾತ್ರೆ ಹಾಕಬೇಡಿ

ವಯಸ್ಸಾದ ನಾಯಿ ಮನೆಯಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ರಾತ್ರಿಯಿಡೀ ಸುತ್ತುವ ನಾಯಿಯ ಎದೆಗೆ ಸ್ಟೆತಸ್ಕೋಪ್ ಸಹ ಇಡದೆ, ಯಾರಾದರೂ ಕಾಗದದಲ್ಲಿ ಸುತ್ತಿದ ಮಾತ್ರೆ ಕೊಟ್ಟು ಹೋದರೆ ಅದನ್ನು ನಾಯಿಯ ಬಾಯಿಗೆ ಹಾಕಬೇಡಿ. ನಮ್ಮ ಬೊಳ್ಳು ಅಂಥ ಮಾತ್ರೆ ತಿಂದು ಸಾಯುವುದರಲ್ಲಿದ್ದ.

ಬೊಳ್ಳು ಪೊಮೇರಿಯನ್ ಜಾತಿಯ ಬಿಳಿ ನಾಯಿ, 13 ವರ್ಷ ದಾಟಿದೆ. ಮಂಗಳೂರಿನ ಕಾವೂರು ಕಡೆ ನಮ್ಮ ಮನೆ. ಮೇ ತಿಂಗಳ ಸೆಕೆಯಲ್ಲಿ ಇದು ಶುರುವಾದದ್ದು. ನಡುರಾತ್ರಿ ಎದ್ದರೆ ಚಾವಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಚಾವಡಿಗೆ ನಡೆಯುತ್ತಲೇ ಇರುತ್ತಿದ್ದ. ಮಲಗಿದರೂ ಒಂದೇ ಗಳಿಗೆ, ಕೂಡಲೇ ಎದ್ದು ಕೂರುವುದು, ಕುತ್ತಿಗೆ ಚಾಚಿ ಬಾಗಿಲ ಸಂದಿಗೆ ಮೂಗು ಹಿಡಿಯುವುದು. ನಡುನಡುವೆ ಒಣ ಕೆಮ್ಮು. ಕೆಮ್ಮಿನ ಕೊನೆಗೆ ಏನೋ ಕಕ್ಕುವ ಹಾಗೆ ಮಾಡುತ್ತಿದ್ದ, ಏನೂ ಬರುತ್ತಿರಲಿಲ್ಲ. ನೆರೆಮನೆಯ ಅಕ್ಕ "ಸೆಕೆಗೆ ಇರಬೇಕು" ಎಂದರು. ಅವರ ಅತ್ತೆ, ನಾಯಿಗಳ ಕಣ್ಣಿಗೆ ಕುಲೆ (ಸತ್ತವರ ಪ್ರೇತ) ಕಾಣ್ತದೆ, ದೈವಕ್ಕೆ ಒಂದು ಹೇಳಿಕೊಳ್ಳಿ ಎಂದರು. ಅವರಿಬ್ಬರ ಮೇಲೆ ನನಗೆ ಏನೂ ಬೇಸರವಿಲ್ಲ, ಪ್ರೀತಿಯಿಂದ ಹೇಳಿದ್ದು. ಬೇಸರ ಇರುವುದು ದುಡ್ಡು ತೆಗೆದುಕೊಂಡು ಹೇಳಿದವರ ಮೇಲೆ.

ನಮ್ಮ ಕಡೆ ಬೈಕಿನಲ್ಲಿ ಬಂದು ನಾಯಿಗಳಿಗೆ ಲಸಿಕೆ, ಹುಳದ ಮದ್ದು ಕೊಡುವ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಡಾಕ್ಟ್ರೆಂದೇ ಕರೆಯುವುದು. ಬಂದವರು ಬೊಳ್ಳುವಿನ ಕಣ್ಣರೆಪ್ಪೆ ಎತ್ತಿ ನೋಡಿದರು, ಅಷ್ಟೆ. "ವಯಸ್ಸಾಯ್ತಲ್ಲ ಮಾರಾಯ್ರೆ, ಮನುಷ್ಯರಿಗೆ ಅರಳುಮರಳು ಬರ್ತದಲ್ಲ, ಹಾಗೇ ಇದು. ರಾತ್ರಿ ಒಂದು ಮಾತ್ರೆ ಹಾಕಿ, ಅದೂ ಮಲಗ್ತದೆ, ನೀವೂ ಮಲಗಬಹುದು" ಎಂದರು. "ಕೆಮ್ಮೂ ಉಂಟಲ್ಲ ಡಾಕ್ಟ್ರೇ?" ಎಂದು ಅಮ್ಮ ಕೇಳಿದರು. ಅದು ಗಂಟಲು ಕೆರೆತ, ಮಕ್ಕಳ ಸಿರಪ್ ಸಾಕು ಎಂಬ ಉತ್ತರ ಬಂತು. ಸಿರಪ್ ನಾವು ಕೊಡಲಿಲ್ಲ, ಪುಣ್ಯ. ಮಕ್ಕಳ ಕೆಮ್ಮು-ನೆಗಡಿಯ ಕೆಲವು ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ, ಸಕ್ಕರೆಯಿಲ್ಲದ ಕೆಲವದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ಕ್ಸೈಲಿಟಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ನಾಯಿಯ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ.

ಮಾತ್ರೆ ಹಾಕಿದ ಮೊದಲ ರಾತ್ರಿ ಮನೆ ನಿಶ್ಶಬ್ದವಾಗಿತ್ತು. ಮರುದಿನವೂ ಹಾಕಿದೆವು. ಬೆಳಗಿನ ಜಾವ ಅಮ್ಮ ಎದ್ದು ನೋಡುವಾಗ ಬೊಳ್ಳು ಅಡ್ಡ ಬಿದ್ದಿದ್ದ, ಹೊಟ್ಟೆ ಜೋರಾಗಿ ಏರಿ ಇಳಿಯುತ್ತಿತ್ತು, ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ನೆರೆಮನೆಯ ಹುಡುಗ ಕಾರು ತೆಗೆದ. ಎಕ್ಸ್-ರೇ ಇರುವ ಕ್ಲಿನಿಕ್ಕಿನ ವೈದ್ಯೆಯೊಬ್ಬರು ನಮ್ಮ ಫೋನಿಗೆ ಎದ್ದು ಬಂದರು. ಆಕ್ಸಿಜನ್ ಹಿಡಿಯುತ್ತಲೇ ಅವರು ಕೇಳಿದ್ದು ಒಂದೇ: "ಎಂತ ಮಾತ್ರೆ ಕೊಟ್ಟದ್ದು? ಹೆಸರು ಹೇಳಿ."

ಹೆಸರು ಎಲ್ಲಿಂದ ಹೇಳುವುದು! ಸ್ಟ್ರಿಪ್ ಇಲ್ಲ, ಚೀಟಿ ಇಲ್ಲ, ನ್ಯೂಸ್‌ಪೇಪರಿನ ತುಂಡಿನಲ್ಲಿ ಉಳಿದ ನಾಲ್ಕು ಬಿಳಿ ಮಾತ್ರೆ. ಕೊಟ್ಟವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಹೊಟ್ಟೆಯೊಳಗೆ ಹೋದದ್ದು ಯಾವುದು, ಅದರ ಪ್ರಭಾವ ಎಷ್ಟು ಹೊತ್ತು ಇರುತ್ತದೆ, ಅದರ ಮೇಲೆ ಯಾವ ಇಂಜೆಕ್ಷನ್ ಕೊಡಬಾರದು, ಇದೊಂದೂ ಗೊತ್ತಿಲ್ಲದೆ ಆ ವೈದ್ಯೆ ನಮ್ಮ ನಾಯಿಯನ್ನು ಉಳಿಸಬೇಕಾಯಿತು. ಮೈಯಲ್ಲಿ ಸೇರಿದ ನೀರನ್ನು ಮೂತ್ರದಲ್ಲಿ ಹೊರಹಾಕುವ ಫ್ಯೂರೋಸೆಮೈಡ್ ಇಂಜೆಕ್ಷನ್ ಕೊಟ್ಟು, ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ ಎಕ್ಸ್-ರೇ ತೆಗೆದರು. ಹೃದಯ ದೊಡ್ಡದಾಗಿತ್ತು, ಶ್ವಾಸಕೋಶದಲ್ಲಿ ನೀರು ತುಂಬಿತ್ತು.

ಅವರು ಕೂರಿಸಿ ವಿವರಿಸಿದ್ದನ್ನು ಇಲ್ಲಿ ಹೇಳುತ್ತೇನೆ, ಏಕೆಂದರೆ ಪೊಮೇರಿಯನ್ನಿನಂಥ ಸಣ್ಣ ಜಾತಿಯ ಮುದಿ ನಾಯಿಗಳಲ್ಲಿ ಇದು ತುಂಬ ಸಾಮಾನ್ಯ. ಹೃದಯದ ಎಡಬದಿಯ ಕವಾಟ ವಯಸ್ಸಾದಂತೆ ದಪ್ಪವಾಗಿ ಸರಿಯಾಗಿ ಮುಚ್ಚುವುದಿಲ್ಲ, ರಕ್ತ ಹಿಂದಕ್ಕೆ ಸೋರುತ್ತದೆ. ವರ್ಷಗಟ್ಟಲೆ ಹಾಗೇ ನಡೆದು, ಕೊನೆಗೆ ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಮಲಗಿದರೆ ಉಸಿರಾಡಲು ಕಷ್ಟ, ಎದ್ದು ಕೂತರೆ, ಕುತ್ತಿಗೆ ಚಾಚಿದರೆ ಸ್ವಲ್ಪ ಸಲೀಸು. ಬೊಳ್ಳು ರಾತ್ರಿಯಿಡೀ ಮಾಡುತ್ತಿದ್ದದ್ದು ಇದನ್ನೇ. ಅವನಿಗೆ ಗೊತ್ತಿದ್ದ ಆ ಒಂದೇ ಉಪಾಯವನ್ನೂ ಮಾತ್ರೆ ಕಿತ್ತುಕೊಂಡಿತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ತಡೆಯುವುದಿಲ್ಲ. ಸ್ಟೆತಸ್ಕೋಪ್ ಇಟ್ಟಿದ್ದರೆ ಆ ಸೋರಿಕೆಯ ಸದ್ದು ಕೇಳುತ್ತಿತ್ತು, ಒಂದು ನಿಮಿಷದ ಕೆಲಸ.

ಮನೆಯಲ್ಲೇ ನೋಡಬಹುದಾದ ಒಂದು ಲೆಕ್ಕವನ್ನು ಅವರು ಕಲಿಸಿಕೊಟ್ಟರು. ನಾಯಿ ಗಾಢವಾಗಿ ಮಲಗಿರುವಾಗ ಪಕ್ಕೆ ಏರಿ ಇಳಿಯುವುದನ್ನು ಎಣಿಸಿ. ಏರಿದ್ದು ಇಳಿದದ್ದು ಸೇರಿ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಸಾಮಾನ್ಯವಾಗಿ ನಿಮಿಷಕ್ಕೆ 30ರ ಒಳಗೆ ಇರಬೇಕು. ಮಲಗಿದಾಗಲೂ ಮತ್ತೆ ಮತ್ತೆ 30 ದಾಟುತ್ತಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಸೆಕೆಗೆ ಏದುಸಿರು ಬಿಡುತ್ತಿರುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ, ನಮ್ಮ ಊರಿನಲ್ಲಿ ಏಪ್ರಿಲ್-ಮೇಯಲ್ಲಿ ಇದನ್ನು ಮುಖ್ಯವಾಗಿ ಗಮನಿಸಬೇಕು. ನಾವು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡುತ್ತೇವೆ. ನಾಲಿಗೆ, ಒಸಡು ನೀಲಿಯಾದರೆ ಎಣಿಸುತ್ತ ಕೂರಬೇಡಿ, ಹೊರಡಿ.

ಎಲ್ಲ ನಾಯಿಗೂ ಹೃದಯದ ತೊಂದರೆಯೇ ಇರಬೇಕೆಂದಿಲ್ಲ. ರಾತ್ರಿ ಎದ್ದೆದ್ದು ನೀರು ಕುಡಿದು ಮೂತ್ರಕ್ಕೆ ಹೋಗುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ ನೋಡಿಸಬೇಕು. ಮರಿಯಾಗದ ಹಾಗೆ ಆಪರೇಷನ್ ಮಾಡಿಸದ ಹೆಣ್ಣು ನಾಯಿಯಾದರೆ, ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಹೀಗಾದರೆ, ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಏನೂ ಸೋರದೆ ಒಳಗೇ ಇರುವುದೂ ಉಂಟು, ಅದು ಜೀವಕ್ಕೇ ಅಪಾಯ. ಒಸಡು ಬಿಳಿಚಿದ್ದರೆ ನಮ್ಮ ಕರಾವಳಿಯಲ್ಲಿ ಮೊದಲು ನೆನಪಾಗಬೇಕಾದದ್ದು ಉಣ್ಣಿಯಿಂದ ಬರುವ ಜ್ವರ. ಏಳುವಾಗ ಕಾಲು ಜಾರಿ ನರಳುತ್ತಿದ್ದರೆ ಗಂಟು ನೋವು. ಅದಕ್ಕೆ ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಲೇಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವ ಆಗುತ್ತದೆ, ಕಿಡ್ನಿ ಕೆಡುತ್ತದೆ. ಅರಳುಮರಳು ನಾಯಿಗಳಿಗೂ ಬರುವುದು ನಿಜ. ಮೂಲೆಯಲ್ಲಿ ಸಿಕ್ಕಿಕೊಂಡು ಹಿಂದೆ ಬರಲು ತಿಳಿಯದೆ ನಿಲ್ಲುತ್ತವೆ, ಹಗಲು ಮಲಗಿ ರಾತ್ರಿ ಎದ್ದಿರುತ್ತವೆ, ಮನೆಯವರ ಗುರುತೇ ಹತ್ತುವುದಿಲ್ಲ. ಆದರೆ ಅದನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಉಳಿದ ಕಾಯಿಲೆಗಳನ್ನೆಲ್ಲ ನೋಡಿ ಇಲ್ಲವೆಂದಾದ ಮೇಲಷ್ಟೇ ಆ ಮಾತು ಹೇಳಬೇಕು. ನಿದ್ದೆ ಬರಿಸುವ ಮದ್ದು ಕೆಲವು ನಾಯಿಗಳಿಗೆ ಬೇಕಾಗಬಹುದು, ಅದೂ ಆಮೇಲಿನ ಮಾತು, ಪರೀಕ್ಷೆ ಮಾಡಿದ ವೈದ್ಯರೇ ಹೆಸರು ಬರೆದು ಕೊಡಬೇಕು.

ಬೊಳ್ಳು ಈಗ ಫ್ಯೂರೋಸೆಮೈಡ್ ಮತ್ತು ಹೃದಯಕ್ಕೆ ಬಲ ಕೊಡುವ ಪಿಮೊಬೆಂಡನ್ ಮಾತ್ರೆಗಳ ಮೇಲೆ ಇದ್ದಾನೆ. ಪಿಮೊಬೆಂಡನ್ ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಗೆ. ಒಣಮೀನು, ಉಪ್ಪು ಹಾಕಿದ ಬಂಗುಡೆ ಸಾರಿನ ಅನ್ನ ಬಂದ್. ಫ್ಯೂರೋಸೆಮೈಡಿನಿಂದ ಮೂತ್ರ ಜಾಸ್ತಿ, ಹಾಗಾಗಿ ರಾತ್ರಿ ಒಮ್ಮೆ ಅಂಗಳಕ್ಕೆ ಬಿಡಬೇಕು, ನೀರಿನ ಪಾತ್ರೆ ಯಾವಾಗಲೂ ತುಂಬಿರಬೇಕು. ಕಾಯಿಲೆ ವಾಸಿಯಾಗುವಂಥದ್ದಲ್ಲ. ಆದರೆ ಅಡ್ಡಲಾಗಿ ಕಾಲು ಚಾಚಿ ಮಲಗುತ್ತಾನೆ.

ನಮ್ಮಲ್ಲಿ ರಾತ್ರಿ ಪಶುವೈದ್ಯರು ಸಿಗುವುದು ಕಷ್ಟ. ಶಿವಮೊಗ್ಗದ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋಗುವುದೆಂದರೆ ಘಾಟಿ ಹತ್ತಬೇಕು. ಮಳೆಗಾಲದ ರಾತ್ರಿ ಅದು ಆಗುವ ಮಾತೇ? ಆದ್ದರಿಂದ ಯಾವ ಕ್ಲಿನಿಕ್ಕಿನಲ್ಲಿ ಎಕ್ಸ್-ರೇ, ಆಕ್ಸಿಜನ್ ಇದೆ, ಹೊತ್ತಲ್ಲದ ಹೊತ್ತಿನಲ್ಲಿ ಯಾರು ಫೋನ್ ಎತ್ತುತ್ತಾರೆ ಎಂದು ನಾಯಿ ಚೆನ್ನಾಗಿರುವಾಗಲೇ ವಿಚಾರಿಸಿಡಿ.

ಮನೆಗೆ ಬರುವವರ ಬಗ್ಗೆ ಇನ್ನೊಂದು ಮಾತು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಕೊಡಬೇಕಾದರೆ ನೋಂದಾಯಿತ ಪಶುವೈದ್ಯರೇ ಆಗಿರಬೇಕು. ಸಹಾಯಕರು ಸಣ್ಣಪುಟ್ಟ ಸೇವೆ ಮಾಡಬಹುದು, ಅದೂ ವೈದ್ಯರ ಮೇಲ್ವಿಚಾರಣೆಯಲ್ಲಿ. ನಮ್ಮಲ್ಲಿಗೆ ಬಂದವರು ಆಮೇಲೆ ಫೋನಿಗೆ ಸಿಕ್ಕಾಗ ನೋಂದಣಿ ಸಂಖ್ಯೆ ಕೇಳಿದೆ. "ಅದು ಸಾದಾ ಮಾತ್ರೆ" ಎಂದು ಫೋನ್ ಇಟ್ಟರು. ಅವರು ಈಗಲೂ ಇದೇ ಬೀದಿಗಳಲ್ಲಿ ಲಸಿಕೆ ಹಾಕುತ್ತಿದ್ದಾರೆ. ನಿಮ್ಮ ನಾಯಿಯ ಲಸಿಕೆ ಪುಸ್ತಕ ಇವತ್ತೇ ತೆಗೆದು ನೋಡಿ. ಸಹಿಯ ಕೆಳಗೆ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಇರುವ ಮೊಹರು ಇಲ್ಲದಿದ್ದರೆ ಮುಂದಿನ ಸಲ ಬಾಗಿಲಲ್ಲೇ ಕೇಳಿ.