ಬ್ರೇಕ್ ಬ್ಯಾರಲ್ ಏರ್ ರೈಫಲ್ ಕಾಂಬೊ: ರೈಫಲ್ ತಗೊಳ್ಳಿ, ಉಳಿದದ್ದು ಆಮೇಲೆ ನೋಡೋಣ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಮೊದಲ ಸಲ ಏರ್ ರೈಫಲ್ ಹುಡುಕುವವರ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಕಾಂಬೊ ಕಿಟ್. 4.5 ಮಿ.ಮೀ. ನಳಿಗೆಯ, ಸ್ಪ್ರಿಂಗ್‌ನ ಬ್ರೇಕ್ ಬ್ಯಾರಲ್ ರೈಫಲ್, ಅಂದರೆ ನಳಿಗೆಯನ್ನು ಮಡಚಿ ಒಳಗಿನ ಸ್ಪ್ರಿಂಗ್ ಬಿಗಿ ಮಾಡುವಂಥದ್ದು. ಜೊತೆಗೆ 4x32 ಸ್ಕೋಪ್ (ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ, 32 ಮಿ.ಮೀ. ಮಸೂರದ ದುರ್ಬೀನು), ಬೈಪಾಡ್ (ಎರಡು ಕಾಲಿನ ಆಸರೆ), ಹೆಗಲಪಟ್ಟಿ, ಒಂದು ಡಬ್ಬಿ ಪೆಲೆಟ್ (ಸೀಸದ ಪುಟ್ಟ ಗುಂಡು). ಕೆಲವದರಲ್ಲಿ ಲೇಸರ್ ಕೂಡ ಇರುತ್ತದೆ. ಇದರಲ್ಲಿ ಕಲಿಯುವವರಿಗೆ ಬೇಕಾದದ್ದು ರೈಫಲ್ ಮತ್ತು ಪೆಲೆಟ್ ಮಾತ್ರ. ಉಳಿದವು ಈಗ ಬೇಡ, ಕೆಲವು ಕಲಿಕೆಗೇ ಅಡ್ಡಿ.

ಮೊದಲು ಬೈಪಾಡ್ ವಿಷಯ. ಸ್ಪ್ರಿಂಗ್ ರೈಫಲ್‌ನಲ್ಲಿ ಟ್ರಿಗರ್ ಒತ್ತಿದ ಕೂಡಲೇ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ತುದಿ ಮುಟ್ಟಿದಾಗ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ನಳಿಗೆ ಬಿಡುವ ಮೊದಲೇ ಈ ಅಲುಗಾಟ ಶುರುವಾಗಿರುತ್ತದೆ. ಬೈಪಾಡ್ ಮೇಲೋ ಗಟ್ಟಿ ಮೇಜಿನ ಮೇಲೋ ಇಟ್ಟರೆ ಪ್ರತಿ ಸಲ ಒಂದೊಂದು ರೀತಿ ಪುಟಿಯುತ್ತದೆ, ಏಟುಗಳ ಗುಂಪು ಚದುರುತ್ತದೆ. ಬಿಗಿಯಾಗಿ ಹಿಡಿದರೂ ಅದೇ ಗತಿ. ಎಡ ಅಂಗೈಯನ್ನು ಬಿಚ್ಚಿಟ್ಟು, ರೈಫಲ್ ಸಮತೂಕಕ್ಕೆ ಬರುವ ಜಾಗದಲ್ಲಿ ಸುಮ್ಮನೆ ಕೂರಿಸಿ; ಬೆರಳು ಸುತ್ತಬೇಡಿ. ಹೆಗಲಿಗೆ ತಾಗಿದರೆ ಸಾಕು, ಒತ್ತುವುದು ಬೇಡ. ರೈಫಲ್ ತನ್ನಷ್ಟಕ್ಕೆ ತಾನು ಹಿಂದೆ ಮುಂದೆ ಹೋಗಲಿ, ಆದರೆ ಪ್ರತಿ ಸಲ ಒಂದೇ ರೀತಿ ಹೋಗಲಿ. ಅಂಗೈ ಇಡುವ ಜಾಗಕ್ಕೆ ಒಂದು ಚೂರು ಟೇಪ್ ಅಂಟಿಸಿಕೊಳ್ಳಿ. ಎರಡು ಇಂಚು ಆಚೀಚೆ ಆದರೂ ಏಟು ಬೀಳುವ ಜಾಗ ಬದಲಾಗುತ್ತದೆ.

ಇನ್ನು ಸ್ಕೋಪ್. ಕಾಂಬೊದಲ್ಲಿ ಬರುವ 4x32ಗಳಲ್ಲಿ ಹೆಚ್ಚಿನವಕ್ಕೆ ದೂರ ಹೊಂದಿಸುವ ತಿರುಗಣೆ ಇರುವುದಿಲ್ಲ. 10 ಮೀಟರಿನಲ್ಲಿಟ್ಟ ಗುರಿಯ ಕಾರ್ಡ್ ಮಸುಕಾಗಿ ಕಾಣುತ್ತದೆ. ಕಣ್ಣು ಸ್ವಲ್ಪ ಸರಿದರೆ ಸ್ಕೋಪ್ ಒಳಗಿನ ಕ್ರಾಸ್ ಗೆರೆ ಕೂಡ ಗುರಿಯ ಮೇಲೆ ಸರಿದಾಡುತ್ತದೆ. ಹಿಂದೆ ಮುಂದೆ ಎರಡೂ ಕಡೆಯ ಒದೆತಕ್ಕೆ ಸ್ಕೋಪ್ ಹಿಡಿದಿಡುವ ಮೌಂಟ್ ಜಾರುತ್ತದೆ, ಅಗ್ಗದ ಸ್ಕೋಪ್‌ನ ಒಳಭಾಗವೇ ಸಡಿಲವಾಗುತ್ತದೆ. ಏಟು ಬೀಳುವ ಜಾಗ ಸರಿಪಡಿಸುವ ತಿರುಗಣೆಯ ಒಂದು ಕ್ಲಿಕ್ 100 ಗಜಕ್ಕೆ ಕಾಲು ಇಂಚು ಎಂದಿದ್ದರೆ 10 ಮೀಟರಿನಲ್ಲಿ ಅದು ಸುಮಾರು 0.7 ಮಿ.ಮೀ. ಅಷ್ಟೆ. 2 ಸೆಂ.ಮೀ. ಸರಿಪಡಿಸಲು ಸುಮಾರು 29 ಕ್ಲಿಕ್ ಬೇಕು. ನಾಲ್ಕು ಕ್ಲಿಕ್ ತಿರುಗಿಸಿ ‘ಸ್ಕೋಪ್ ಕೆಟ್ಟಿದೆ’ ಎನ್ನುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಏಟು ತಪ್ಪಿದಾಗ ತಪ್ಪು ಕೈಯದೋ ಸ್ಕೋಪಿನದೋ ಹೊಸಬರಿಗೆ ತಿಳಿಯುವುದೇ ಇಲ್ಲ.

ರೈಫಲ್ ಮೇಲೇ ಇರುವ ತೆರೆದ ಸೈಟ್ ಇದನ್ನು ನೇರವಾಗಿ ಹೇಳಿಕೊಡುತ್ತದೆ. ಹಿಂದಿನ ಸಂದಿಯಲ್ಲಿ ಮುಂದಿನ ಕಡ್ಡಿ ನಿಲ್ಲಬೇಕು, ಎರಡರ ತಲೆ ಒಂದೇ ಮಟ್ಟದಲ್ಲಿರಬೇಕು, ಎರಡೂ ಬದಿಯ ಬೆಳಕು ಸಮನಾಗಿರಬೇಕು. ಎರಡು ಸೈಟ್‌ಗಳ ನಡುವೆ 45 ಸೆಂ.ಮೀ. ಇದ್ದು, ಕಡ್ಡಿ 1 ಮಿ.ಮೀ. ಸರಿದರೆ 10 ಮೀಟರಿನಲ್ಲಿ ಏಟು 22 ಮಿ.ಮೀ. ಸರಿಯುತ್ತದೆ. ಆದ್ದರಿಂದ ಕಣ್ಣಿನ ನೋಟ ಮುಂದಿನ ಕಡ್ಡಿಯ ಮೇಲಿರಲಿ, ಕಾರ್ಡಿನ ನಡುವಿನ ಕಪ್ಪು ವೃತ್ತ ಮಸುಕಾಗಿಯೇ ಕಾಣಲಿ. ಸ್ಪರ್ಧೆಯ 10 ಮೀಟರ್ ಕಾರ್ಡಿನ ಕಪ್ಪು 30.5 ಮಿ.ಮೀ.; ಅದರ ಬುಡಕ್ಕೆ ಗುರಿಯಿಟ್ಟರೆ ಕಪ್ಪು ಕಡ್ಡಿ ಕಪ್ಪಿನೊಳಗೆ ಕಳೆದುಹೋಗುವುದಿಲ್ಲ. ಏಟು ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ತಿರುಗಿಸಿ. ಏಟು ಯಾವ ಕಡೆ ಹೋಗಬೇಕೋ ಹಿಂದಿನ ಸೈಟೂ ಅದೇ ಕಡೆ.

ಗುರಿ ಹಿಡಿದ ಮೇಲೆ ಒಮ್ಮೆ ಕಣ್ಣು ಮುಚ್ಚಿ, ಉಸಿರು ಬಿಟ್ಟು, ಮತ್ತೆ ತೆರೆಯಿರಿ. ಕಡ್ಡಿ ಪಕ್ಕಕ್ಕೆ ಹೋಗಿದ್ದರೆ ಕೈಯಿಂದ ಎಳೆದು ತರಬೇಡಿ, ಪಾದ ಸರಿಸಿ ಮೈಯನ್ನೇ ತಿರುಗಿಸಿ. ಅರ್ಧ ಉಸಿರು ಬಿಟ್ಟು ನಿಂತ ಹೊತ್ತಿನಲ್ಲಿ ಏಳೆಂಟು ಸೆಕೆಂಡಿನೊಳಗೆ ಟ್ರಿಗರ್ ಒತ್ತಬೇಕು. ಆಗಲಿಲ್ಲವೆಂದರೆ ರೈಫಲ್ ಇಳಿಸಿ ಮೊದಲಿಂದ ಶುರು ಮಾಡಿ. ತೋರುಬೆರಳಿನ ತುದಿಯ ದಿಂಬಿನಿಂದ ನೇರ ಹಿಂದಕ್ಕೆ ಒತ್ತಿ. ಏಟು ಬಿದ್ದ ಮೇಲೂ ಒಂದು ಸೆಕೆಂಡ್ ಕಡ್ಡಿಯನ್ನೇ ನೋಡುತ್ತಿರಿ. ತಲೆಯೆತ್ತಿ ಕಾರ್ಡ್ ನೋಡುವ ಆತುರವೇ ಬಹಳ ಜನರ ಗುಂಪು ಹಾಳು ಮಾಡುವುದು.

ಒಂದು ಕಾರ್ಡಿಗೆ ಐದು ಏಟು. ಮೂರಕ್ಕೇ ನಿಲ್ಲಿಸಿದರೆ ಅದೃಷ್ಟವೂ ಗುಂಪಿನಂತೆ ಕಾಣುತ್ತದೆ. ಮೇಲೆ ಕೆಳಗೆ ಉದ್ದವಾಗಿ ಬಿದ್ದರೆ ಉಸಿರು ನೋಡಿಕೊಳ್ಳಿ. ಅಡ್ಡಕ್ಕೆ ಚದುರಿದರೆ ಮೈಯ ದಿಕ್ಕು, ಅಥವಾ ರೈಫಲ್ ವಾಲಿಸಿ ಹಿಡಿದದ್ದು. ಎಲ್ಲೆಂದರಲ್ಲಿ ಬಿದ್ದರೆ ಕೆನ್ನೆ ಒಂದೇ ಜಾಗಕ್ಕೆ ಕೂರುತ್ತಿಲ್ಲ, ಇಲ್ಲವೇ ಮರದ ಹಿಡಿಯ ಸ್ಕ್ರೂ ಸಡಿಲವಾಗಿದೆ. ಇವು ತಾವಾಗಿ ಸಡಿಲವಾಗುತ್ತವೆ, ಪ್ರತಿ ಸಲ ಶುರು ಮಾಡುವ ಮೊದಲು ಮುಟ್ಟಿ ನೋಡಿ.

ಪೆಲೆಟ್ ಇಲ್ಲದೆ ಈ ರೈಫಲ್ ಹೊಡೆಯಲೇಬಾರದು. ಗಾಳಿಯ ತಡೆಯಿಲ್ಲದೆ ಪಿಸ್ಟನ್ ಬಡಿದು ಸೀಲು, ಸ್ಪ್ರಿಂಗ್ ಹಾಳಾಗುತ್ತವೆ. ಗುರಿ ಹಿಡಿಯುವ ಅಭ್ಯಾಸವನ್ನು ಕಾಕ್ ಮಾಡದೆ (ಸ್ಪ್ರಿಂಗ್ ಬಿಗಿ ಮಾಡದೆ) ಗೋಡೆಗೆ ಮುಖ ಮಾಡಿ ಮಾಡಬಹುದು. ಪೆಲೆಟ್ ತುಂಬುವಾಗ ಇನ್ನೊಂದು ಕೈ ನಳಿಗೆಯನ್ನು ಹಿಡಿದೇ ಇರಲಿ, ಜಾರಿ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ. ಸಿಕ್ಕ ಎಣ್ಣೆಯನ್ನೆಲ್ಲ ಗಾಳಿಯ ರಂಧ್ರಕ್ಕೆ ಬಿಡಬೇಡಿ, ಅದು ಒಳಗೆ ಹೊತ್ತಿಕೊಂಡು ಸೀಲನ್ನು ಸುಡುತ್ತದೆ. ಪೆಲೆಟ್ ಸೀಸದ್ದು, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಚಿತ್ರದುರ್ಗದವರಿಗೆ ಒಂದು ಮಾತು ಒತ್ತಿ ಹೇಳಬೇಕು. ಬಂಡೆಗೆ ಡಬ್ಬಿ ಒರಗಿಸಿ ಹೊಡೆಯಬೇಡಿ. ಕಲ್ಲಿಗೆ ತಾಗಿದ ಪೆಲೆಟ್ ಅದೇ ದಾರಿಯಲ್ಲಿ ವಾಪಸ್ ಬರಬಹುದು. ಹಳೆಯ ಪತ್ರಿಕೆ ಬಿಗಿಯಾಗಿ ತುಂಬಿದ ಮರದ ಪೆಟ್ಟಿಗೆ, ಅದರ ಹಿಂದೆ ದಪ್ಪ ಪ್ಲೈವುಡ್, ಕಣ್ಣಿಗೆ ಕನ್ನಡಕ: ಇಷ್ಟು ಇಲ್ಲದೆ ಶುರು ಮಾಡಬಾರದು. ಗುಡ್ಡದ ಗಾಳಿಯಂತ್ರಗಳು ತಿರುಗುವ ಹೊತ್ತಿನಲ್ಲಿ ಬಯಲಲ್ಲಿ 25 ಮೀಟರ್ ಪ್ರಯತ್ನಿಸುವುದೂ ದಂಡ, ಹಗುರ ಪೆಲೆಟ್ ಗಾಳಿಗೆ ಸರಿಯುತ್ತದೆ. ಗೋದಾಮು, ಉದ್ದದ ಪಡಸಾಲೆ, ಎಲ್ಲಿ 10 ಮೀಟರ್ ಸಿಗುತ್ತದೋ ಅಲ್ಲೇ ಕಲಿಯಿರಿ. ನಳಿಗೆ 4.5 ಮಿ.ಮೀ., ಪೆಲೆಟ್‌ನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹಾಗಂತ ಹೊಲಕ್ಕೆ ಬಂದ ನವಿಲಿಗೆ ಗುರಿಯಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತದೆ.

ಸ್ಕೋಪ್‌ನ ದುಡ್ಡನ್ನು ಈಗ ಚಪ್ಪಟೆ ತಲೆಯ ಪೆಲೆಟ್‌ಗೆ ಹಾಕಿ, ಎರಡು ಮೂರು ಬಗೆ ತಂದು ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ನೋಡಿ. ಕುಳಿತು ಹೊಡೆದ ಐದು ಏಟು ಹತ್ತು ರೂಪಾಯಿ ನಾಣ್ಯದ, ಅಂದರೆ 27 ಮಿ.ಮೀ. ಅಗಲದೊಳಗೆ, ಕಾರ್ಡಿನ ಮೇಲೆ ಕಾರ್ಡ್ ಬೀಳತೊಡಗಿದಾಗ ಸ್ಕೋಪ್ ತರಬಹುದು. ಆಗಲೂ ಸ್ಪ್ರಿಂಗ್ ಏರ್ ರೈಫಲ್‌ಗೆಂದೇ ಮಾಡಿದ, 10 ಗಜದವರೆಗೆ ಫೋಕಸ್ ಇಳಿಯುವ ಸ್ಕೋಪ್ ಕೇಳಿ. ಮೌಂಟ್ ಒಂದೇ ತುಂಡಿನದಿರಲಿ, ಜಾರದಂತೆ ತಡೆಯುವ ಪಿನ್ ಇರಲಿ. ಕೂರಿಸಿದ ಮೇಲೆ ಮೊದಲ ಐವತ್ತು ಏಟು ಆದ ಕೂಡಲೇ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ.