ಹಳೆಯ ಕಿರ್ಲೋಸ್ಕರ್ ಎವಿ1: ಹಿತ್ತಲಲ್ಲಿ ಬಿಚ್ಚಿ ಕಟ್ಟಿ ಮಾರಿದ ಅನುಭವ

ನಮ್ಮ ತಂದೆಯವರು 1987ರಲ್ಲಿ ಕೊಂಡಿದ್ದ ಕಿರ್ಲೋಸ್ಕರ್ ಎವಿ1 ಡೀಸೆಲ್ ಇಂಜಿನ್ನನ್ನು ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ನಮ್ಮ ಮನೆಯ ಹಿತ್ತಲಲ್ಲಿ ಪೂರ್ತಿಯಾಗಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮತ್ತೆ ಕಟ್ಟಿ ಮಾರಾಟಕ್ಕಿಟ್ಟೆ. ಇಂಥ ಇಂಜಿನ್ ಇನ್ನೂ ಅನೇಕರ ಪಂಪ್ ಮನೆಗಳಲ್ಲಿ ಗೋಣಿಚೀಲ ಹೊದ್ದು ನಿಂತಿರುವುದರಿಂದ, ಇದನ್ನು ರಿಪೇರಿ ಮಾಡಿಸಬೇಕೋ ಗುಜರಿಗೆ ಹಾಕಬೇಕೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಎಂದು, ಈ ಯಂತ್ರದ ಬಗ್ಗೆಯೂ ಅದಕ್ಕಾಗಿ ನಾನು ಮೆಟ್ಟಿಲು ಹತ್ತಿದ ಅಂಗಡಿಗಳ ಕೆಲಸದ ಬಗ್ಗೆಯೂ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ಬಿಚ್ಚಿ ಕಟ್ಟುವುದಕ್ಕೆ ಇದಕ್ಕಿಂತ ಅನುಕೂಲವಾದ ಯಂತ್ರವನ್ನು ನಾನು ನೋಡಿಲ್ಲ. ಆದರೆ ಅಳತೆ ತೆಗೆಯದೆ ಕಟ್ಟಿದ ಇಂಜಿನ್ನನ್ನು, ಅದು ಎಷ್ಟೇ ಹೊಳೆಯುತ್ತಿದ್ದರೂ, ಯಾರೂ ಕೊಳ್ಳಬಾರದು.

ಇದು ಒಂದೇ ಸಿಲಿಂಡರಿನ, ನೀರಿನಿಂದ ತಂಪಾಗುವ, ನಿಮಿಷಕ್ಕೆ 1500 ಸುತ್ತಿನಲ್ಲಿ 5 ಎಚ್‌ಪಿ ಕೊಡುವ ಇಂಜಿನ್. ಸಿಲಿಂಡರಿನ ಒಳವ್ಯಾಸ 80 ಮಿ.ಮೀ., ಪಿಸ್ಟನ್ ಓಡುವ ದೂರ 110 ಮಿ.ಮೀ. ನಮ್ಮ ಕಡೆ ಬಹಳ ಜನ ಇದು ಹರಿಹರದಲ್ಲೇ ತಯಾರಾದದ್ದು ಎಂದು ತಿಳಿದಿದ್ದಾರೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಹೆಸರು ಮಾಡಿದ್ದು ಲೇತ್ ಯಂತ್ರಗಳಿಗೆ. ಈ ಇಂಜಿನ್ನುಗಳನ್ನು ತಯಾರಿಸಿದ್ದು 1946ರಲ್ಲಿ ಪುಣೆಯಲ್ಲಿ ಆರಂಭವಾದ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್. ಎರಡೂ ಒಂದೇ ಮನೆತನದವು, ಕಾರ್ಖಾನೆಗಳು ಬೇರೆ.

ಮಲೇಬೆನ್ನೂರು ಕಡೆಯ ನಮ್ಮ ಹೊಲ ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದಲ್ಲಿದೆ. ನಾಲೆಯ ನೀರು ತಡವಾದ ವರ್ಷಗಳಲ್ಲಿ ಹಳ್ಳದ ಪಕ್ಕದ ಬಾವಿಯಿಂದ ನೀರೆತ್ತಿ ಭತ್ತ ಉಳಿಸಿಕೊಟ್ಟಿದ್ದು ಇದೇ ಇಂಜಿನ್. ಬೋರ್‌ವೆಲ್ ಕೊರೆಸಿ ಮೋಟಾರು ಇಳಿಸಿದ ಮೇಲೆ ಹದಿನಾಲ್ಕು ವರ್ಷ ಇದನ್ನು ಯಾರೂ ಮುಟ್ಟಿರಲಿಲ್ಲ. ನಿಲ್ಲಿಸುವ ಹೊತ್ತಿಗಾಗಲೇ ಬೆಳಗಿನ ಚಳಿಯಲ್ಲಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಸೋಲುತ್ತಿತ್ತು, ಶುರುವಾದ ಮೇಲೆ ನೀಲಿ ಹೊಗೆ ಬರುತ್ತಿತ್ತು. ಡೀಸೆಲ್ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇರುವುದಿಲ್ಲ. ಒಳಗೆಳೆದುಕೊಂಡ ಗಾಳಿಯನ್ನು ಹದಿನಾರು ಪಟ್ಟಿಗೂ ಹೆಚ್ಚು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಲೈನರ್ (ಸಿಲಿಂಡರಿನೊಳಗೆ ಪಿಸ್ಟನ್ ಓಡಾಡುವ ಕೊಳವೆ) ಸವೆದು ಗಾಳಿ ಪಿಸ್ಟನ್ನಿನ ರಿಂಗುಗಳ ಪಕ್ಕದಿಂದ ಸೋರಿಹೋದರೆ ಆ ಬಿಸಿ ಹುಟ್ಟುವುದಿಲ್ಲ. ಆದ್ದರಿಂದ ಚಳಿಯಲ್ಲಿ ಶುರುವಾಗದ ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಝಲ್ ಒಂದನ್ನೇ ಬದಲಿಸಿ ಹಣ ಕಳೆಯುವ ಮೊದಲು ಸಿಲಿಂಡರನ್ನು ಅಳೆಯಬೇಕು.

ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ ತೆಗೆದ ದಿನ ಲೈನರಿನ ಮೇಲ್ಭಾಗದಲ್ಲಿ ಉಗುರು ಆಡಿಸಿ ನೋಡಿದೆ; ಮೇಲಿನ ರಿಂಗು ಬಂದು ನಿಲ್ಲುವ ಜಾಗದಲ್ಲಿ ಉಗುರು ಸಣ್ಣ ಮೆಟ್ಟಿಲಿಗೆ ತಾಗಿದಂತೆ ನಿಂತಿತು. ಬೋರ್ ಗೇಜ್ ಹಾಕಿ ನೋಡಿದಾಗ ಅಲ್ಲಿ 80.31 ಮಿ.ಮೀ., ಕೆಳಗೆ ರಿಂಗು ಮುಟ್ಟದ ಜಾಗದಲ್ಲಿ 80.02 ಇತ್ತು. ಈ ಇಂಜಿನ್ನಿನ ದೊಡ್ಡ ಗುಣ ಇಲ್ಲೇ ಗೊತ್ತಾಗುತ್ತದೆ. ಲೈನರ್ ಬೇರೆಯಾಗಿಯೇ ಹೊರಬರುವುದರಿಂದ ಬೋರಿಂಗ್ ಮಾಡಿಸುವ ಗೋಜಿಲ್ಲ. ಹಳೆಯದನ್ನು ಎಳೆದು ತೆಗೆದು ಹೊಸ ಲೈನರು, ಪಿಸ್ಟನ್, ರಿಂಗುಗಳ ಕಿಟ್ ಕೂರಿಸಿದರೆ ಸಿಲಿಂಡರು ಹೊಸದಾಗುತ್ತದೆ. ಕಿಟ್ಟಿಗೆ 4,800 ರೂಪಾಯಿ ಕೊಟ್ಟೆ. ಅದರ ಅರ್ಧ ಬೆಲೆಗೂ ಕಿಟ್ ಸಿಗುತ್ತಿತ್ತು. ಆದರೆ ಅಂಗಡಿಯಲ್ಲೇ ಅದರ ರಿಂಗನ್ನು ಲೈನರಿನೊಳಗೆ ಇಟ್ಟು ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಿದಾಗ ಒಂದರಲ್ಲಿ 0.3, ಇನ್ನೊಂದರಲ್ಲಿ 0.7 ಮಿ.ಮೀ. ಬಂದಿತು. ಒಂದೇ ಪೊಟ್ಟಣದ ರಿಂಗುಗಳಲ್ಲಿ ಇಷ್ಟು ವ್ಯತ್ಯಾಸವಿದ್ದರೆ ಉಳಿದ ಅಳತೆಗಳನ್ನು ನಂಬುವುದು ಹೇಗೆ? ಹಾಗೆ ಅಳೆದು ನೋಡಲು ಬೇಸರಪಡದೆ ಬಿಟ್ಟ ಅಂಗಡಿಯವರಿಗೆ ನಾನು ಋಣಿ.

ಲೈನರ್ ಕೂರಿಸುವಾಗ ತಪ್ಪಿದ್ದು ನಾನೇ. ಅದರ ಕೆಳತುದಿಯಲ್ಲಿ ನೀರು ತಡೆಯುವ ರಬ್ಬರ್ ರಿಂಗುಗಳಿರುತ್ತವೆ. ಅವುಗಳಿಗೆ ಏನನ್ನೂ ಸವರದೆ ಒಣಗಿದ ಹಾಗೆಯೇ ಒತ್ತಿದ್ದರಿಂದ ಒಂದು ರಿಂಗು ಅಂಚಿಗೆ ಸಿಕ್ಕಿ ಕತ್ತರಿಸಿತು. ಅದು ಗೊತ್ತಾದದ್ದು ಇಂಜಿನ್ ಪೂರ್ತಿ ಕಟ್ಟಿ ಅರ್ಧ ಗಂಟೆ ಓಡಿಸಿ, ಆಯಿಲ್ ಕಡ್ಡಿ ಎಳೆದಾಗ. ಹೊಸ ಆಯಿಲು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಮತ್ತೆಲ್ಲವನ್ನೂ ಬಿಚ್ಚಬೇಕಾಯಿತು. ಎರಡನೆಯ ಸಲ ರಬ್ಬರಿಗೆ ಸೋಪಿನ ನೀರು ಸವರಿ, ಕೈಯೊತ್ತಡದಲ್ಲೇ ಸಮವಾಗಿ ಇಳಿಸಿ, ಪಿಸ್ಟನ್ ಹಾಕುವ ಮೊದಲೇ ಲೈನರಿನ ಸುತ್ತಲಿನ ನೀರಿನ ಜಾಕೆಟ್ ತುಂಬಿಸಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಕೆಳಗೆ ಹಾಸಿದ್ದ ಪತ್ರಿಕೆಯ ಹಾಳೆ ಒಣಗಿಯೇ ಇತ್ತು. ಮನೆಯಲ್ಲಿ ಕಟ್ಟುವವರು ಈ ಒಂದು ರಾತ್ರಿಯನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ಪಿಸ್ಟನ್ನಿನ ಓಟವನ್ನು ಸುತ್ತಾಗಿ ಬದಲಿಸುವ ಕ್ರ್ಯಾಂಕಿನ ಕೆಲಸ ಮಾತ್ರ ಮನೆಯಲ್ಲಿ ಆಗುವಂಥದ್ದಲ್ಲ. ಕನೆಕ್ಟಿಂಗ್ ರಾಡ್ ಕೂರುವ ಪಿನ್ ಅಂಡಾಕಾರವಾಗಿ ಸವೆದಿದ್ದರಿಂದ ಅದನ್ನು 0.25 ಮಿ.ಮೀ. ಗ್ರೈಂಡ್ ಮಾಡಿಸಿ, ಅದೇ ಅಳತೆಯ ಬೇರಿಂಗ್ ಹಾಕಬೇಕಿತ್ತು. ನಗರದ ಒಂದು ಗ್ರೈಂಡಿಂಗ್ ಅಂಗಡಿಗೆ ಕೊಟ್ಟೆ. ಹೇಳಿದ ದಿನಕ್ಕೇ ಕೊಟ್ಟರು, ಪಿನ್ ಕನ್ನಡಿಯಂತೆ ಹೊಳೆಯುತ್ತಿತ್ತು, ಅಳತೆಯೂ ಸರಿಯಾಗಿತ್ತು. ಆದರೆ ಪಿನ್ ಮತ್ತು ಅದರ ಪಕ್ಕದ ತೋಳು ಸೇರುವ ಮೂಲೆಯಲ್ಲಿ ಇರಬೇಕಾದ ಸಣ್ಣ ದುಂಡು ತಿರುವು ಮಾಯವಾಗಿ, ಅಲ್ಲಿ ಚೂಪಾದ ಗೆರೆ ಉಳಿದಿತ್ತು. ಇಂಜಿನ್ ಓಡುವಾಗ ಎರಡು ಸುತ್ತಿಗೊಮ್ಮೆ ಬೀಳುವ ಹೊಡೆತವೆಲ್ಲ ಆ ಮೂಲೆಯಲ್ಲೇ ಒಟ್ಟುಗೂಡುತ್ತದೆ. ತಿರುವು ಇಲ್ಲದ ಮೂಲೆಯಿಂದಲೇ ಬಿರುಕು ಶುರುವಾಗಿ ಒಂದು ದಿನ ಕ್ರ್ಯಾಂಕ್ ತುಂಡಾಗುತ್ತದೆ. ಅದನ್ನು ತೋರಿಸಿದಾಗ ಅವರು ಕೊಟ್ಟ ಉತ್ತರ ಇಷ್ಟೇ: "ಏನೂ ಆಗಲ್ಲ ಸಾರ್, ಎಲ್ಲರಿಗೂ ಹಿಂಗೇ ಕೊಡೋದು." ನನಗೆ ಬೇಸರವಾದದ್ದು ಅವರಿಗೆ ಕೊಟ್ಟ 900 ರೂಪಾಯಿಗಿಂತ ಆ "ಎಲ್ಲರಿಗೂ" ಎಂಬ ಮಾತಿಗೆ. ಆ ಎಲ್ಲರ ಪೈಕಿ ಮೂಲೆಯನ್ನು ನೋಡಬೇಕೆಂದು ಗೊತ್ತಿರುವ ರೈತರು ಎಷ್ಟು ಜನ?

ಎರಡನೆಯದು ಹರಿಹರದ ಒಂದು ಹಳೆಯ ಲೇತ್ ಶಾಪ್. ಅಲ್ಲಿನ ಹಿರಿಯ ಮೇಸ್ತ್ರಿ ಕ್ರ್ಯಾಂಕನ್ನು ಕೈಗೆ ತೆಗೆದುಕೊಂಡು ಮೊದಲು ನೋಡಿದ್ದೇ ಆ ಮೂಲೆಯನ್ನು. ಅದನ್ನು ಸರಿಪಡಿಸಬೇಕಾದರೆ 0.50 ಮಿ.ಮೀ.ಗೆ ಇಳಿಯಲೇಬೇಕು, ಮೊದಲು ತಂದ ಬೇರಿಂಗ್ ದಂಡವಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಮೂಲೆಗೆ ದುಂಡು ತಿರುವು ಕೊಟ್ಟು, ಬಿರುಕಿದೆಯೇ ಎಂದು ಪರೀಕ್ಷಿಸಿ, 1,000 ರೂಪಾಯಿ ತೆಗೆದುಕೊಂಡರು. ವಾಲ್ವು ಒತ್ತುವ ರಾಕರ್ ತೋಳುಗಳ ಬುಷ್ ಎರಡನ್ನೂ ಗನ್‌ಮೆಟಲ್‌ನಲ್ಲಿ ತಿರುಗಿಸಿಕೊಟ್ಟಿದ್ದು ಅವರ ಅಂಗಡಿಯಲ್ಲಿದ್ದ, ಹರಿಹರದಲ್ಲೇ ತಯಾರಾದ ಲೇತಿನಲ್ಲಿ. ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿ ಎರಡು ದಶಕ ಕಳೆದರೂ ಆ ಲೇತ್ ನಿಖರವಾಗಿ ಅಳತೆ ಕೊಡುತ್ತಿದೆ.

ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ನಾನೇ ತಿಕ್ಕಿ ಕೂರಿಸಿ, ಸೀಮೆಎಣ್ಣೆ ಸುರಿದು ಸೋರಿಕೆ ಇಲ್ಲವೆಂದು ನೋಡಿಕೊಂಡೆ. ಡೀಸೆಲ್ ಪಂಪು ಮೈಕೋದ್ದು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಎಂದಾದ ಮೇಲೂ ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಮೈಕೋ ಪಂಪೇ. ಎಲಿಮೆಂಟು (ಪಂಪಿನೊಳಗೆ ಡೀಸೆಲ್ ಒತ್ತುವ ಭಾಗ) ಮತ್ತು ನಾಝಲ್ ಬದಲಿಸಿದ ಪಂಪ್ ಸರ್ವಿಸ್‌ನವರು ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಟೆಸ್ಟರಿನಲ್ಲಿ 200 ಬಾರ್ ಒತ್ತಡಕ್ಕೆ ನಾಝಲ್ ಹೊಂದಿಸಿದರು. ಸರಿಯಾದ ನಾಝಲ್ "ಕರ್ರ್" ಎಂದು ಸದ್ದು ಮಾಡಿ ಮಂಜಿನಂತೆ ಸಿಂಪಡಿಸುತ್ತದೆ, ಕೊನೆಯಲ್ಲಿ ತುದಿಯಲ್ಲಿ ಹನಿ ನಿಲ್ಲುವುದಿಲ್ಲ. ನಮ್ಮ ಹಳೆಯದು ಮೂರು ತೂತುಗಳ ಪೈಕಿ ಒಂದರಿಂದ ಪಿಚಕಾರಿಯಂತೆ ನೇರ ಧಾರೆ ಬಿಡುತ್ತಿತ್ತು. ಈ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ. ಇನ್ನು ಪಿಸ್ಟನ್ ಮೇಲೆ ಫ್ಯೂಸ್ ತಂತಿಯ ತುಂಡಿಟ್ಟು, ಹೆಡ್ ಬಿಗಿದು, ಫ್ಲೈವೀಲ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯುವ ಕೆಲಸವನ್ನು ಅನೇಕ ಮೆಕ್ಯಾನಿಕ್‌ಗಳು ಬಿಟ್ಟೇಬಿಟ್ಟಿದ್ದಾರೆ. ಪಿಸ್ಟನ್ ಮತ್ತು ಹೆಡ್ಡಿನ ನಡುವಿನ ಅಂತರ ಹೆಚ್ಚಾದರೆ ಒತ್ತಡ ಹುಟ್ಟುವುದಿಲ್ಲ, ಕಡಿಮೆಯಾದರೆ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ. ಆ ತಂತಿಯ ಚೂರನ್ನು ಅಳತೆ ಬರೆದ ಚೀಟಿಯ ಜೊತೆ ಅಂಟಿಸಿ ಇಟ್ಟುಕೊಂಡಿದ್ದೇನೆ.

ಎಲ್ಲ ಸೇರಿ 15,100 ರೂಪಾಯಿ ಖರ್ಚಾಯಿತು, ಹತ್ತೊಂಬತ್ತು ದಿನ ಹಿಡಿಯಿತು. ಈಗ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ನಾಲ್ಕು ಸುತ್ತು ತಿರುಗಿಸಿ ಬಿಟ್ಟರೆ ತಣ್ಣಗಿದ್ದಾಗಲೂ ಶುರುವಾಗುತ್ತದೆ.

ಮಾರಾಟ ಇದಕ್ಕಿಂತ ಕಷ್ಟದ ಕೆಲಸವಾಯಿತು, ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಈ ಇಂಜಿನ್ ಪೂರ್ತಿ ಹೊರೆಯಲ್ಲಿ ಗಂಟೆಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಡೀಸೆಲ್ ಕುಡಿಯುತ್ತದೆ, ಲೀಟರಿಗೆ 90 ರೂಪಾಯಿ ಆಸುಪಾಸು ಬೆಲೆಯಿದೆ. ದಿನವೂ ನೀರೆತ್ತಲು ಇದನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕರೆಂಟು ಕೈಕೊಟ್ಟಾಗ, ಲೈನ್ ಇಲ್ಲದ ಹೊಳೆದಂಡೆಯಲ್ಲಿ, ಒಣಗುತ್ತಿರುವ ತೋಟಕ್ಕೆ ನಾಲ್ಕು ದಿನ ನೀರು ಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಹಾಗಾಗಿ ಬೇಕಾದವರು ಕಡಿಮೆ, ಬೇಕಾದವರಿಗೆ ಮಾತ್ರ ತೀರಾ ಬೇಕು.

ಇಟ್ಟ ಬೆಲೆ 22,000. ಗುಜರಿಯವರು ತೂಕದ ಲೆಕ್ಕದಲ್ಲಿ 4,500 ಕೇಳಿದರು. ಒಬ್ಬ ದಲ್ಲಾಳಿ ಬಂದು ಪೇಂಟ್ ಹಳೆಯದೆಂದು 9,000ಕ್ಕೆ ನಿಂತರು. ಲೈನರ್ ಹೊಸದೆಂದು ತೋರಿಸಲು ಹಳೆಯ ಲೈನರನ್ನೂ ಅಳತೆಯ ಚೀಟಿಯನ್ನೂ ಮುಂದಿಟ್ಟರೆ ತೆಗೆದು ನೋಡಲಿಲ್ಲ. ಅದೇ ವಾರ ಹಸಿರು ಬಣ್ಣ ಬಳಿದು ನಿಲ್ಲಿಸಿದ್ದ ಇದೇ ಮಾದರಿಯ ಇನ್ನೊಂದು ಇಂಜಿನ್ 19,000ಕ್ಕೆ ಹೋದುದನ್ನು ನಾನು ಕಣ್ಣಾರೆ ಕಂಡೆ. ಅದರ ಬ್ರೀದರಿನಿಂದ (ಇಂಜಿನ್ನಿನ ಕೆಳಭಾಗದ ಗಾಳಿ ಹೊರಹೋಗುವ ದಾರಿ) ಒಲೆಯ ಕೊಳವೆಯಂತೆ ಹೊಗೆ ಬರುತ್ತಿತ್ತು, ಅಂದರೆ ಒಳಗಿನ ರಿಂಗು ಮುಗಿದಿದೆ ಎಂದರ್ಥ. ಹಳೆಯ ಇಂಜಿನ್ ಕೊಳ್ಳಲು ಹೋದವರು ಬಣ್ಣ ನೋಡುವ ಮೊದಲು ಮಾಡಬೇಕಾದದ್ದು ಇಷ್ಟು: ಇಂಜಿನ್ ಮುಟ್ಟಿ ನೋಡಿ ತಣ್ಣಗಿದೆ ಎಂದು ಖಚಿತಪಡಿಸಿಕೊಂಡು ನಿಮ್ಮ ಕೈಯಿಂದಲೇ ಶುರು ಮಾಡಿ, ಬ್ರೀದರಿಗೆ ಅಂಗೈ ಹಿಡಿದು ನೋಡಿ, ಆಯಿಲ್ ಕಡ್ಡಿ ಎಳೆದು ಬಣ್ಣ ಪರೀಕ್ಷಿಸಿ. ಮೊದಲೇ ಬಿಸಿ ಮಾಡಿಟ್ಟು ಕಾಯುವವರ ಬಳಿ ವ್ಯಾಪಾರ ಬೇಡ.

ಕೊನೆಗೆ ಹೊನ್ನಾಳಿ ಕಡೆಯ ಅಡಿಕೆ ತೋಟದವರೊಬ್ಬರು ಬಂದರು. ಮಾತು ಕಡಿಮೆ. ಹಳೆಯ ಲೈನರಿನೊಳಗೆ ಬೆರಳು ಆಡಿಸಿ ಮೆಟ್ಟಿಲು ಹುಡುಕಿದರು, ಚೀಟಿ ಓದಿದರು, "ನಮ್ಮ ಪಂಪಿಗೆ ಜೋಡಿಸಿ ಒಂದು ಗಂಟೆ ಓಡಿಸಿ ತೋರಿಸ್ತೀರಾ?" ಎಂದು ಕೇಳಿದರು. ಅಷ್ಟು ನ್ಯಾಯವಾದ ಬೇಡಿಕೆಯನ್ನು ಅಲ್ಲಿಯವರೆಗೆ ಯಾರೂ ಇಟ್ಟಿರಲಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಅವರ ಪಂಪಿಗೆ ಜೋಡಿಸಿ, ಗುರುತು ಹಾಕಿದ ಕ್ಯಾನಿನಿಂದ ಡೀಸೆಲ್ ತುಂಬಿ, ಗಡಿಯಾರ ನೋಡಿ ಓಡಿಸಿದೆವು. ಗಂಟೆ ಮುಗಿದಾಗ ಒಂದು ಲೀಟರು ಮತ್ತು ಒಂದು ಲೋಟದಷ್ಟು ಖರ್ಚಾಗಿತ್ತು, ಹೊಗೆ ಕಣ್ಣಿಗೆ ಕಾಣುತ್ತಿರಲಿಲ್ಲ. 17,500ಕ್ಕೆ ಒಪ್ಪಿದೆವು. ನನ್ನ ದುಡಿಮೆಗೆ ಉಳಿದದ್ದು 2,400 ರೂಪಾಯಿ. ಕೂಲಿ ಲೆಕ್ಕ ಹಾಕುವವರು ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಹೊಸ ರಿಂಗು ಹಾಕಿದ ಇಂಜಿನ್ನಿಗೆ 50 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿ, ಹೆಡ್ ನಟ್ಟು ಮತ್ತೊಮ್ಮೆ ಬಿಗಿದು, ವಾಲ್ವಿನ ಸಂದು ನೋಡಬೇಕು. ಅದನ್ನು ನಾನೇ ಬಂದು ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಅವರು ಪಂಪ್ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗಂಟೆಗೊಂದು ಗೀರು ಹಾಕುತ್ತಿದ್ದಾರೆ. ಮೊನ್ನೆ ಫೋನು ಮಾಡಿದಾಗ 31 ಆಗಿತ್ತು.