ಓ ಅಂತ ಬರೆಯುವ ಮೊದಲು ಒಂದು ಹನಿ: ಆ್ಯಂಟಿ-ಎಚ್ ಲೆಕ್ಟಿನ್ ಬಾಟಲಿ ಬಗ್ಗೆ

ನಮ್ಮ ರಕ್ತನಿಧಿಯ ಫ್ರಿಜ್‌ನಲ್ಲಿ, ಮೇಲಿನ ಶೆಲ್ಫಿನ ಎಡಮೂಲೆಯಲ್ಲಿ 5 ಎಂ.ಎಲ್.ನ ಒಂದು ಪುಟ್ಟ ಬಾಟಲಿ ಇರುತ್ತೆ. ಅದೇ ಆ್ಯಂಟಿ-ಎಚ್ ಲೆಕ್ಟಿನ್, ಓ ಅಂತ ಕಾಣೋ ರಕ್ತ ನಿಜಕ್ಕೂ ಓ ಹೌದಾ ಅಂತ ತಿಳಿಸೋದು. ಮಾಮೂಲಿ ಗ್ರೂಪ್ ನೋಡೋ ಆ್ಯಂಟಿ-ಎ, ಆ್ಯಂಟಿ-ಬಿ, ಆ್ಯಂಟಿ-ಡಿ ಬಾಟಲಿಗಳು ಬೆಳಗ್ಗೆಯಿಂದ ರಾತ್ರಿಯವರೆಗೆ ಹೊರಗೆ ಬರ್ತಾ ಒಳಗೆ ಹೋಗ್ತಾ ಇರ್ತವೆ. ಈ ಬಾಟಲಿ ಮಾತ್ರ ವಾರಕ್ಕೊಮ್ಮೆ ಕೈಗೆ ಬಂದರೆ ಹೆಚ್ಚು. ಅದಕ್ಕೇ ಎಷ್ಟೋ ಕಡೆ ಇಂಡೆಂಟ್ (ತರಿಸಬೇಕಾದ ಸಾಮಾನಿನ ಪಟ್ಟಿ) ಬರೆಯುವಾಗ ಮೊದಲು ಕೈಬಿಡೋದು ಇದನ್ನೇ. ಇಪ್ಪತ್ತೆರಡು ವರ್ಷ ಟ್ಯೂಬ್ ಹಿಡಿದು ಗ್ರೂಪಿಂಗ್ ಮಾಡಿದವಳಾಗಿ ಹೇಳ್ತೀನಿ, ಇದನ್ನು ಕೈಬಿಡಬೇಡಿ. ಎರಡು ಕಂಪನಿಯ ಬಾಟಲಿ ಬಳಸಿದ್ದೀನಿ. ಒಳ್ಳೇದೂ ಕಂಡಿದ್ದೀನಿ, ತೊಂದರೆಯನ್ನೂ ಅನುಭವಿಸಿದ್ದೀನಿ. ಎರಡನ್ನೂ ಬರೀತೀನಿ.

ಒಳಗಿರೋದು ಗಾರ್ಸ್ ಅನ್ನೋ ಮುಳ್ಳುಗಿಡದ ಬೀಜದ ಸಾರ. ಪಶ್ಚಿಮ ಯೂರೋಪಿನ ಗಿಡ, ಸಸ್ಯಶಾಸ್ತ್ರದ ಹೆಸರು ಯುಲೆಕ್ಸ್ ಯೂರೋಪಿಯಸ್. ನಮ್ಮ ತೊಗರಿ, ಅವರೆ, ಹುರುಳಿಯ ಕುಟುಂಬದ್ದೇ. ಈ ಬೀಜದಲ್ಲಿರೋ ಒಂದು ಪ್ರೋಟೀನು ಫ್ಯೂಕೋಸ್ ಅನ್ನೋ ಸಕ್ಕರೆಯನ್ನು ಗುರುತು ಹಿಡಿದು ಅಂಟಿಕೊಳ್ಳುತ್ತೆ. ಹೀಗೆ ಆರಿಸಿ ಅಂಟಿಕೊಳ್ಳೋ ಪ್ರೋಟೀನುಗಳಿಗೇ ಲೆಕ್ಟಿನ್ ಅನ್ನೋದು. ಲ್ಯಾಟಿನ್ನಿನಲ್ಲಿ 'ಆರಿಸು' ಅನ್ನೋ ಅರ್ಥದ ಪದದಿಂದ ವಿಲಿಯಂ ಬಾಯ್ಡ್ 1954ರಲ್ಲಿ ಈ ಹೆಸರು ಕಟ್ಟಿದರು. ಕೆಂಪು ರಕ್ತಕಣದ ಮೈಮೇಲೆ ಎಚ್ ಆ್ಯಂಟಿಜೆನ್ ಇರುತ್ತಲ್ಲ, ಅದರ ತುದಿಯಲ್ಲಿರೋದು ಈ ಫ್ಯೂಕೋಸೇ. ಎ ಆಗಲಿ, ಬಿ ಆಗಲಿ, ಮೊದಲು ಎಚ್ ಅನ್ನೋ ತಳಪಾಯ ಇದ್ದರೆ ಮಾತ್ರ ಅದರ ಮೇಲೆ ಕಟ್ಟೋಕೆ ಸಾಧ್ಯ. ಓ ಗ್ರೂಪಿನವರಲ್ಲಿ ಮೇಲೆ ಏನೂ ಕಟ್ಟಿಲ್ಲ, ತಳಪಾಯ ಬಯಲಲ್ಲೇ ಇದೆ. ಹಾಗಾಗಿ ಈ ಲೆಕ್ಟಿನ್ ಹನಿ ಬಿದ್ದರೆ ಓ ಕಣಗಳು ಗಟ್ಟಿಯಾಗಿ ಗುಂಪು ಕಟ್ಟುತ್ತವೆ.

ತಳಪಾಯವೇ ಇಲ್ಲದವರೂ ಇದ್ದಾರೆ. ಅವರದೇ ಬಾಂಬೆ ಗ್ರೂಪ್. 1952ರಲ್ಲಿ ಮುಂಬೈಯ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು ಲೋಕಕ್ಕೆ ತಿಳಿಸಿದ್ದು. ಅದೇ 1952ರಲ್ಲೇ ಫ್ರಾನ್ಸಿನ ಕಜಾಲ್ ಮತ್ತು ಲಾಲೊರಿ ಗಾರ್ಸ್ ಬೀಜದಲ್ಲಿ ಆ್ಯಂಟಿ-ಎಚ್ ಗುಣ ಇದೆ ಅಂತ ತೋರಿಸಿದರು. ಬೀಗ ಒಂದು ದೇಶದಲ್ಲಿ, ಕೀಲಿ ಇನ್ನೊಂದು ದೇಶದಲ್ಲಿ, ಒಂದೇ ವರ್ಷ. ಹೊಸ ಹುಡುಗರಿಗೆ ಕಲಿಸುವಾಗ ಇದನ್ನು ಹೇಳದೆ ಮುಂದೆ ಹೋಗೋಕೆ ನನ್ನ ಕೈಲಾಗಲ್ಲ.

ಬಾಂಬೆ ಗ್ರೂಪಿನವರನ್ನು ಆ್ಯಂಟಿ-ಎ, ಆ್ಯಂಟಿ-ಬಿ ಹಾಕಿ ನೋಡಿದರೆ ಓ ಅಂತಲೇ ಕಾಣುತ್ತೆ. ಅವರ ಸೀರಂ (ರಕ್ತದ ತಿಳಿ ದ್ರವ) ತಗೊಂಡು ಗೊತ್ತಿರೋ ಗ್ರೂಪಿನ ಕಣಗಳ ಜೊತೆ ಬೆರೆಸಿ ನೋಡೋ ರಿವರ್ಸ್ ಗ್ರೂಪಿಂಗ್‌ನಲ್ಲಿ ಎ ಸೆಲ್, ಬಿ ಸೆಲ್ ಜೊತೆ ಓ ಸೆಲ್ ಹಾಕದಿದ್ದರೆ ಅಲ್ಲೂ ತಪ್ಪಿಸಿಕೊಳ್ತಾರೆ. ಆದರೆ ಅವರ ಸೀರಂನಲ್ಲಿ ಆ್ಯಂಟಿ-ಎಚ್ ಇರುತ್ತೆ, 37 ಡಿಗ್ರಿಯಲ್ಲೂ ಕೆಲಸ ಮಾಡೋ ಅಂಥದ್ದು. ಓ ರಕ್ತ ಕೊಟ್ಟರೆ ಆ ಕಣಗಳು ಮೈಯೊಳಗೇ ಒಡೆದುಹೋಗಿ ಜೀವಕ್ಕೇ ಅಪಾಯ. ಭಾರತದಲ್ಲಿ ಸುಮಾರು 10,000 ಜನಕ್ಕೆ ಒಬ್ಬರು ಅಂತ ಲೆಕ್ಕ. ಯೂರೋಪಿನಲ್ಲಿ 10 ಲಕ್ಷಕ್ಕೆ ಒಬ್ಬರು. ಅಂದರೆ ಕೀಲಿ ಬೆಳೆಯೋದು ಅವರಲ್ಲಿ, ಹೆಚ್ಚು ಬೇಕಾಗಿರೋದು ನಮಗೆ.

ನಾನು ಕಂಡದ್ದನ್ನೇ ಹೇಳ್ತೀನಿ. ತಾಲ್ಲೂಕು ಆಸ್ಪತ್ರೆಯಿಂದ ಒಬ್ಬಳು ಗರ್ಭಿಣಿಯ ಸ್ಯಾಂಪಲ್ ಬಂತು. ಎರಡು ದಿನ ಬಿಟ್ಟು ಸಿಸೇರಿಯನ್, ಹಿಮೋಗ್ಲೋಬಿನ್ ಕಡಿಮೆ, ಎರಡು ಯೂನಿಟ್ ರೆಡಿ ಇಡಿ ಅಂತ ಚೀಟಿ. ಕಾರ್ಡಿನಲ್ಲಿ ಓ ಪಾಸಿಟಿವ್ ಅಂತ ನೀಲಿ ಶಾಯಿಯಲ್ಲಿ ಬರೆದಿತ್ತು. ದಾನಿಯ ಕಣ ರೋಗಿಯ ಸೀರಂಗೆ ಹೊಂದುತ್ತಾ ಅಂತ ನೋಡೋ ಕ್ರಾಸ್ ಮ್ಯಾಚ್‌ಗೆ ಮೊದಲ ಬ್ಯಾಗ್ ಹಾಕಿದೆ, ಸೇರಲಿಲ್ಲ. ಎರಡನೇದು, ಮೂರನೇದು, ನಾಲ್ಕನೇದು, ಯಾವುದೂ ಸೇರಲಿಲ್ಲ. ಆಟೋ ಕಂಟ್ರೋಲ್ ಮಾತ್ರ ಶುದ್ಧ. ಅಂದರೆ ಅವಳ ರಕ್ತ ಅವಳದ್ದನ್ನು ಒಪ್ಪುತ್ತೆ, ಬೇರೆ ಯಾರದ್ದನ್ನೂ ಒಪ್ಪಲ್ಲ. ರಿವರ್ಸ್‌ನಲ್ಲಿ ಓ ಸೆಲ್ ಹಾಕಿ ನೋಡಿದರೆ ನಾಲ್ಕು ಪ್ಲಸ್, ಅಂದರೆ ಅತಿ ಗಟ್ಟಿಯಾದ ಗುಂಪು.

ಮೂಲೆಯ ಬಾಟಲಿ ತೆಗೆದೆ. ಎರಡು ಟ್ಯೂಬ್. ಒಂದರಲ್ಲಿ ಗೊತ್ತಿರೋ ಓ ಸೆಲ್, ಇನ್ನೊಂದರಲ್ಲಿ ಅವಳ ಸೆಲ್, ಎರಡೂ ಸಲೈನ್‌ನಲ್ಲಿ ಮೂರು ಸಲ ತೊಳೆದದ್ದು. ತಲಾ ಒಂದು ಹನಿ ಲೆಕ್ಟಿನ್. ಐದು ನಿಮಿಷ ಸ್ಟ್ಯಾಂಡಿನಲ್ಲಿ ಇಟ್ಟು ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು. ಹೊರಗೆ ತೆಗೆದಾಗ ಎರಡರ ತಳದಲ್ಲೂ ಒಂದೇ ಥರ ಕೆಂಪು ಗುಂಡಿ ಕೂತಿರುತ್ತೆ. ನೋಡಿದ ತಕ್ಷಣ ಏನೂ ಗೊತ್ತಾಗಲ್ಲ. ಟ್ಯೂಬ್ ಓರೆ ಮಾಡಿ ಬೆರಳ ತುದಿಯಿಂದ ಮೆಲ್ಲಗೆ ತಟ್ಟಬೇಕು. ಕಂಟ್ರೋಲ್ ಟ್ಯೂಬಿನ ಗುಂಡಿ ತಳ ಬಿಟ್ಟು ಒಂದೇ ಚೂರಾಗಿ ಎದ್ದು ಬಂತು, ದಾಳಿಂಬೆ ಕಾಳಿನ ಹಾಗೆ. ಸುತ್ತಲಿನ ನೀರು ತಿಳಿ. ಅವಳ ಟ್ಯೂಬ್ ತಟ್ಟಿದೆ. ಗುಂಡಿಯ ಅಂಚಿನಿಂದ ಕೆಂಪು ಹೊಗೆ ಥರ ಎದ್ದು, ಪೂರ್ತಿ ಕದಡಿ, ಕುಂಕುಮದ ನೀರಾಯಿತು. ಒಂದು ಕಣ ಕೂಡ ಇನ್ನೊಂದಕ್ಕೆ ಅಂಟಿರಲಿಲ್ಲ. ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

ಅವಳ ಅಪ್ಪ ಅಮ್ಮನದು ಸೋದರಮಾವನ ಸಂಬಂಧ. ಈ ಗುಣ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಮಕ್ಕಳಲ್ಲಿ ಕಾಣೋದರಿಂದ ಒಡಹುಟ್ಟಿದವರಲ್ಲಿ ನಾಲ್ವರಿಗೆ ಒಬ್ಬರ ಲೆಕ್ಕದಲ್ಲಿ ಸಿಗೋ ಸಾಧ್ಯತೆ ಇದೆ. ತಮ್ಮ ಬಂದ. "ಮೇಡಂ, ನಂದು ಓ ಪಾಸಿಟಿವ್, ಕ್ಯಾಂಪಲ್ಲಿ ಎರಡು ಸಲ ಕೊಟ್ಟಿದೀನಿ" ಅಂದ. ಅವನ ಟ್ಯೂಬ್ ಕೂಡ ಕುಂಕುಮದ ನೀರೇ. "ಹಂಗಾರೆ ನಂದು ಅಕ್ಕಂಗೆ ಆಗುತ್ತಾ?" ಅಂತ ಕೇಳಿದ, ಅಷ್ಟೇ, ತನ್ನ ಗ್ರೂಪ್ ಏನು ಅಂತ ಆಮೇಲೆ ಕೇಳಿದ್ದು. ರಕ್ತಸಂಬಂಧಿಯ ರಕ್ತ ಆದ್ದರಿಂದ, ವಿಕಿರಣ ಹಾಯಿಸಿ ಅದರ ಬಿಳಿಕಣಗಳನ್ನು ಅಡಗಿಸೋ ಇರ್ರೇಡಿಯೇಶನ್‌ಗೆ ದೊಡ್ಡ ಊರಿಗೆ ಕಳಿಸಿ ತರಿಸಬೇಕಾಯಿತು, ಆದರೂ ಸಮಯಕ್ಕೆ ಬಂತು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಬಾಂಬೆ ಗ್ರೂಪ್ ದಾನಿಗಳ ಜಾಲ ನಡೆಸುತ್ತೆ. ಆ ಹುಡುಗ ತಾನೇ ಹೆಸರು ಕೊಡ್ತೀನಿ ಅಂತ ನಂಬರ್ ಬರೆದುಕೊಂಡು ಹೋದ. ಅವನು ಹಿಂದೆ ಕ್ಯಾಂಪಿನಲ್ಲಿ ಕೊಟ್ಟ ಎರಡು ಬ್ಯಾಗ್ ಮಾಮೂಲಿ ಓ ಅಂತ ಯಾರಿಗೋ ಹೋಗಿರುತ್ತೆ. ಅದರ ಕೆಂಪು ಕಣ ಮಾತ್ರ ತಗೊಂಡವರಿಗೆ ಸಾಮಾನ್ಯವಾಗಿ ತೊಂದರೆ ಆಗಲ್ಲ ನಿಜ, ಆದರೆ ಬಾಂಬೆ ರೋಗಿಗೆ ಸೇರಬೇಕಾಗಿದ್ದ ರಕ್ತ ಅದು. ಆ ನೋವು ನನಗೆ ಇವತ್ತಿಗೂ ಇದೆ.

ಈಗ ಬಾಟಲಿಯ ದೋಷಗಳು.

ಒಂದು ಬೇಸಿಗೆಯಲ್ಲಿ ಡೀಲರ್ ಕಳಿಸಿದ ಡಬ್ಬಿ ಮಧ್ಯಾಹ್ನ ಮೂರಕ್ಕೆ ಬಂತು. ಐಸ್ ಪ್ಯಾಕ್ ಕರಗಿ ಬೆಚ್ಚಗಾಗಿತ್ತು, ರಟ್ಟು ಒದ್ದೆ. ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಾಟಲಿ ನೋಡೋಕೆ ಸರಿಯಾಗೇ ಇತ್ತು, ತಿಳಿಯಾಗಿತ್ತು. ಕಂಟ್ರೋಲ್ ಹಾಕಿದೆ. ಓ ಸೆಲ್ ಜೊತೆ ನಾಲ್ಕು ಪ್ಲಸ್ ಬರಬೇಕಾದಲ್ಲಿ ಎರಡು ಪ್ಲಸ್, ಸಣ್ಣ ಸಣ್ಣ ಚೂರು. ವಾಪಸ್ ತಗೊಳ್ಳಿ ಅಂದರೆ "ಎಕ್ಸ್‌ಪೈರಿ ಇನ್ನೂ ಇದೆಯಲ್ಲ ಮೇಡಂ" ಅಂತ ಉತ್ತರ. ಬದಲಿ ಬಾಟಲಿ ಬರೋಕೆ ಐದು ವಾರ ಹಿಡೀತು. ಅಂದಿನಿಂದ ಡಬ್ಬಿ ಬಂದ ತಕ್ಷಣ ತಂದವನ ಎದುರಲ್ಲೇ ತೆರೆದು ಐಸ್ ಮುಟ್ಟಿ ನೋಡದೆ ಸಹಿ ಹಾಕಲ್ಲ.

ಗಿಡದ ಬೀಜದಿಂದ ತೆಗೆಯೋದರಿಂದ ಲಾಟ್‌ನಿಂದ ಲಾಟ್‌ಗೆ ಬಲ ಸ್ವಲ್ಪ ಬೇರೆ ಇರುತ್ತೆ. ಎರಡು ಕಂಪನಿಗಳಲ್ಲಿ ಒಂದರದ್ದು ಈ ವಿಷಯದಲ್ಲಿ ಮೇಲು. ಗಿಡದಿಂದಲ್ಲದೆ ಲ್ಯಾಬಿನಲ್ಲಿ ಒಂದೇ ಬಗೆಯ ಜೀವಕೋಶದಿಂದ ತಯಾರಿಸೋ ಮಾನೋಕ್ಲೋನಲ್ ಆ್ಯಂಟಿ-ಎಚ್ ಕೂಡ ಸಿಗುತ್ತೆ. ಅದರಲ್ಲಿ ಲಾಟ್‌ನ ಈ ಏರುಪೇರು ಕಡಿಮೆ, ಆದರೆ ನಮ್ಮಂಥ ಕಡೆ ಸುಲಭವಾಗಿ ಸಿಗೋದು ಲೆಕ್ಟಿನ್ನೇ.

ಬಾಟಲಿ ದೊಡ್ಡದಾಯಿತು ಅನ್ನೋದು ನನ್ನ ದೊಡ್ಡ ದೂರು. 5 ಎಂ.ಎಲ್. ಅಂದರೆ ನೂರರಷ್ಟು ಹನಿ. ನಮ್ಮಲ್ಲಿ ಅರ್ಧ ಖಾಲಿಯಾಗೋ ಹೊತ್ತಿಗೆ ಎಕ್ಸ್‌ಪೈರಿ ಬಂದಿರುತ್ತೆ, ಉಳಿದದ್ದು ಚೆಲ್ಲಬೇಕು. 2 ಎಂ.ಎಲ್. ಬಾಟಲಿ ಮಾಡಿದರೆ ತಾಲ್ಲೂಕು ಮಟ್ಟದ ರಕ್ತನಿಧಿಗಳೂ ಧೈರ್ಯವಾಗಿ ತರಿಸ್ತವೆ. ಚೆಲ್ಲುವಾಗಲೂ ಎಚ್ಚರ ಬೇಕು, ಕೆಡದಿರಲಿ ಅಂತ ಇದಕ್ಕೆ ಸೋಡಿಯಂ ಅಜೈಡ್ ಹಾಕಿರ್ತಾರೆ. ತಾಮ್ರ, ಸೀಸದ ಪೈಪಿನಲ್ಲಿ ಅದು ಸೇರಿಕೊಂಡರೆ ಸಿಡಿಯೋ ಲವಣ ಆಗುತ್ತೆ. ಧಾರಾಳ ನೀರು ಬಿಡಬೇಕು.

ಓದೋಕೆ ಗೊತ್ತಿಲ್ಲದವರ ಕೈಗೆ ಇದನ್ನು ಕೊಡಬಾರದು. ಎ ಗ್ರೂಪಿನಲ್ಲಿ ಗಟ್ಟಿಯಾದ ಒಳಗುಂಪು ಎ1, ದುರ್ಬಲವಾದದ್ದು ಎ2. ಎ1ಬಿ ಅಥವಾ ಎ1 ಗ್ರೂಪಿನವರ ತಳಪಾಯ ಬಹುಪಾಲು ಮುಚ್ಚಿಹೋಗಿರೋದರಿಂದ ಅವರಲ್ಲಿ ಲೆಕ್ಟಿನ್ ತೀರಾ ಬಡಕಲಾಗಿ ಬರುತ್ತೆ, ಕೆಲವು ಸಲ ಬರೋದೇ ಇಲ್ಲ. ಅದನ್ನು ನೋಡಿ ಬಾಂಬೆ ಅಂತ ಬರೆದರೆ ತಪ್ಪು. ಎ, ಬಿ ಎರಡೂ ಇಲ್ಲದೆ ಓ ಅಂತ ಕಂಡವರಲ್ಲಿ ಮಾತ್ರ ಈ ಸೊನ್ನೆಗೆ ಅರ್ಥ. ಪಾಂಪ್ಲೆಟ್‌ನಲ್ಲಿ ಇದನ್ನು ಬರೆದಿದ್ದಾರೆ, ಆದರೆ ಅಕ್ಷರ ಸಾಸಿವೆ ಕಾಳಿಗಿಂತ ಚಿಕ್ಕದು. ನಾನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀನಿ.

ಇದರ ಪಕ್ಕದ ಬಾಟಲಿ ಆ್ಯಂಟಿ-ಎ1. ಅದು ನಮ್ಮ ಹುರುಳಿಯದು! ಜಿ.ಡಬ್ಲ್ಯು.ಜಿ. ಬರ್ಡ್ ಅನ್ನೋರು 1951ರಲ್ಲಿ ಹುರುಳಿ ಕಾಳಿನ ಈ ಗುಣ ಬರೆದದ್ದು ಬೆಂಗಳೂರಿನಿಂದ ಬರೋ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಟ್ರೈನಿಂಗ್‌ಗೆ ಬರೋ ಮಕ್ಕಳಿಗೆ ನಾನು ಮನೆಯ ಹುರುಳಿಯನ್ನೇ ಪುಡಿ ಮಾಡಿ, ಸಲೈನ್‌ನಲ್ಲಿ ನೆನೆಸಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದು ತೋರಿಸ್ತೀನಿ. ಎ ಸೆಲ್ ಮೇಲೆ ಒಂದು ಹನಿ ಬಿದ್ದರೆ ಸಾಕು, ಕಣ್ಣೆದುರೇ ಗುಂಪು ಕಟ್ಟುತ್ತೆ. ಸರಿಯಾಗಿ ತೆಳು ಮಾಡದಿದ್ದರೆ ಎ2 ಕಣಕ್ಕೂ ಅಂಟುತ್ತೆ, ಹಾಗಾಗಿ ಇದು ಪಾಠಕ್ಕೆ ಮಾತ್ರ, ರಿಪೋರ್ಟಿಗೆ ಅಲ್ಲ. "ಮೇಡಂ, ನಮ್ಮನೇಲಿ ಇದರ ಕಟ್ಟಿನ ಸಾರು ಮಾಡ್ತಾರೆ" ಅಂತ ಮಕ್ಕಳು ಟ್ಯೂಬನ್ನು ಬೆಳಕಿಗೆ ಹಿಡೀತಾರೆ. ಆಮೇಲೆ ಲೆಕ್ಟಿನ್ ಅನ್ನೋ ಪದ ಅವರಿಗೆ ಮರೆಯಲ್ಲ.

ಗಾರ್ಸ್‌ನ ಉಪಯೋಗ ರಕ್ತನಿಧಿಗೇ ಮುಗಿಯಲ್ಲ. ಇದೇ ಪ್ರೋಟೀನಿಗೆ ಹೊಳೆಯೋ ಬಣ್ಣ ಕಟ್ಟಿದರೆ ಮನುಷ್ಯನ ರಕ್ತನಾಳದ ಒಳಪದರ ತೋರಿಸುತ್ತೆ. 1982ರಿಂದ ಪೆಥಾಲಜಿಯವರಿಗೆ ಇದು ಗೊತ್ತು. ಸಂಶೋಧನೆಯಲ್ಲಿರೋ ನನ್ನ ಗೆಳತಿಯೊಬ್ಬಳು ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದಳು. ಕತ್ತಲೆಯಲ್ಲಿ ಹಸಿರು ಬಳೆಗಳ ಹಾಗೆ ಒಂದೊಂದು ನಾಳವೂ ಹೊಳೀತಿತ್ತು. ಇಲಿಯ ಮೈಯಲ್ಲಿ ಮನುಷ್ಯನ ಜೀವಕೋಶ ನೆಟ್ಟು ಪ್ರಯೋಗ ಮಾಡೋರು, ಯಾವ ನಾಳ ಮನುಷ್ಯನದು ಅಂತ ಬೇರೆ ಮಾಡೋಕೂ ಇದನ್ನೇ ಬಳಸ್ತಾರಂತೆ.

ಗಿಡವನ್ನು ನಾನು ನೋಡಿದ್ದು ಊಟಿಯ ಸುತ್ತಲಿನ ಎತ್ತರದ ಹುಲ್ಲುಗಾವಲಿನಲ್ಲಿ. ಬ್ರಿಟಿಷರು ತಂದು ನೆಟ್ಟದ್ದು ಅಲ್ಲಿ ಕಾಡಾಗಿ ಹಬ್ಬಿದೆ. ಎಲೆ ಅನ್ನೋದೇ ಕಾಣಲ್ಲ, ಮೈಯೆಲ್ಲ ಹಸಿರು ಮುಳ್ಳು, ಮೇಲೆ ಅರಿಶಿನದಷ್ಟು ಹಳದಿ ಹೂವು. ಬಗ್ಗಿ ಮೂಸಿದರೆ ಕೊಬ್ಬರಿಯ ವಾಸನೆ, ಆಗ ತಾನೇ ತುರಿದ ಹಾಗೆ! ಆದರೆ ಆ ಪೊದೆಯ ಕೆಳಗೆ ಹುಲ್ಲು ಬದುಕಿರಲಿಲ್ಲ. ಬಿಸಿಲಿಗೆ ಕಾಯಿ ಸಿಡಿದು ಬೀಜ ಚೆಲ್ಲುತ್ತೆ, ಆ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತೆ, ಬೆಂಕಿ ಬಿದ್ದರೆ ಇನ್ನೂ ಚೆನ್ನಾಗಿ ಮೊಳೆಯುತ್ತೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ತೋಡರ ಎಮ್ಮೆ ಮೇಯೋ ಹುಲ್ಲು, ಶೋಲಾ ಕಾಡಿನ ಅಂಚು, ಇವೆಲ್ಲ ಅದರ ಬಾಯಿಗೆ ಹೋಗ್ತಿವೆ. ಅದನ್ನು ಕೀಳಲೇಬೇಕು. ಕೀಳುವಾಗ ಬೀಜ ಆರಿಸಿಟ್ಟು ನಮ್ಮ ದೇಶದ ರೀಏಜೆಂಟಿಗೆ ಬಳಸೋಕೆ ಆಗಲ್ಲವಾ ಅಂತ ನನಗೆ ತುಂಬಾ ಆಸೆ. ರೀಏಜೆಂಟ್ ಮಾಡೋರು ಯಾರಾದರೂ ಇದನ್ನು ಓದ್ತಿದ್ದರೆ ದಯವಿಟ್ಟು ಯೋಚಿಸಿ.

ಬಾಟಲಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಕಳೆದದ್ದು ಅಳತೆಗೆ ಮತ್ತು ಸಾಗಣೆಗೆ. ಒಳಗಿನ ದ್ರವಕ್ಕೆ ಅಲ್ಲ. ಮುಂದಿನ ಇಂಡೆಂಟ್‌ನಲ್ಲಿ ಎರಡು ಬರೆದಿದ್ದೀನಿ. ಬೇರೆ ಬೇರೆ ತಿಂಗಳ ಎಕ್ಸ್‌ಪೈರಿ ಇರೋದೇ ಕಳಿಸಿ, ಬೆಳಗ್ಗೆ ಹನ್ನೊಂದರೊಳಗೆ ತಲುಪಲಿ ಅಂತ ಕೆಂಪು ಶಾಯಿಯಲ್ಲಿ ಸೇರಿಸಿದ್ದೀನಿ.